ಶಾರ್ಲಟ್‌ನಲ್ಲಿ ನೋಡಿರುವ ಮನೆಯ ಮೇಲ್ಗಡೆ ಖಾಸಗಿ ಕೆರೆ ಇದೆ, ಅದರ ಏರಿಗೆ ‘ಕ್ಲಾಸ್ ಸಿ’ ಅಂತ ಬರೆದಿದೆ. ಮನೆ ತಗೋಬಹುದಾ?

ಮೊದಲು ಆ ಅಕ್ಷರದ ಗೊಂದಲ ಮುಗಿಸಿಬಿಡೋಣ. ನಿಮ್ಮ ಏಜೆಂಟ್ ‘ಸಿ ಅಂದ್ರೆ ಸುಮಾರಾಗಿದೆ, ಪರವಾಗಿಲ್ಲ’ ಅಂದರು ಅಂತ ಬರೆದಿದ್ದೀರಿ. ಪಾಪ, ಅವರು ಅದನ್ನು ಪರೀಕ್ಷೆಯ ಗ್ರೇಡ್ ಅಂದುಕೊಂಡಿದ್ದಾರೆ. ನಾರ್ತ್ ಕೆರೊಲೈನಾದಲ್ಲಿ ಎ ಅಂದರೆ ಕಡಿಮೆ ಅಪಾಯ, ಬಿ ನಡುವಿನದು, ಸಿ ಅಂದರೆ ಹೈ ಹಜಾರ್ಡ್. ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಮಜಾ ಏನಂದರೆ, ಶಾರ್ಲಟ್‌ನಿಂದ ಸ್ವಲ್ಪ ದೂರ ಹೋಗಿ ಗಡಿ ದಾಟಿದರೆ ಸೌತ್ ಕೆರೊಲೈನಾದಲ್ಲಿ ಎಲ್ಲಾ ತಿರುಗಾಮುರುಗಾ. ಅಲ್ಲಿ ಸಿ-1 ಅಂದರೆ ಅತಿ ಹೆಚ್ಚು, ಸಿ-3 ಅಂದರೆ ಕಡಿಮೆ. ಹಾಗಾಗಿ ನಿಮ್ಮ ಗೆಳೆಯರು ಬೇರೆ ರಾಜ್ಯದಿಂದ ಏನಾದರೂ ಹೇಳಿದರೆ ಅದನ್ನು ಇಲ್ಲಿಗೆ ಅನ್ವಯಿಸಬೇಡಿ.

ಹಾಗಂತ ಗಾಬರಿಯಾಗಿ ಇವತ್ತೇ ಡೀಲ್ ಬಿಡಬೇಡಿ. ಈ ಅಕ್ಷರ ಏರಿ ಗಟ್ಟಿ ಇದೆಯಾ ಇಲ್ವಾ ಅಂತ ಹೇಳೋದೇ ಇಲ್ಲ. ಒಡೆದರೆ ಕೆಳಗಿನವರ ಗತಿ ಏನು ಅನ್ನೋದನ್ನಷ್ಟೇ ಹೇಳುತ್ತದೆ. ಜೀವ ಹೋಗುವ ಸಂಭವ ಇದ್ದರೆ ಹೈ. ಹೋದ ವರ್ಷ ಕಟ್ಟಿದ, ಕಲ್ಲಿನಂತೆ ನಿಂತಿರುವ ಏರಿಯ ಕೆಳಗೆ ನಾಲ್ಕು ಮನೆ ಇದ್ದರೂ ಹೈ. ಯಾರೂ ಇಲ್ಲದ ಕಾಡಿನಲ್ಲಿ ಒಂದು ಏರಿ ಇವತ್ತೋ ನಾಳೆಯೋ ಅಂತಿದ್ದರೂ ಅದಕ್ಕೆ ಲೋ. ನಿಮ್ಮ ವಿಷಯದಲ್ಲಿ ಬೇಕಾದರೆ ಹೀಗೂ ಹೇಳಬಹುದು: ನೀವು ಕೊಳ್ಳಲು ಹೊರಟಿರುವ ಮನೆ ಅಲ್ಲಿರೋದೇ ಆ ಸಿ ಬರಲು ಒಂದು ಕಾರಣ.

ಇಲ್ಲಿ ಇದು ತುಂಬಾ ಸಾಮಾನ್ಯ. ಯಾವುದೋ ಕಾಲದಲ್ಲಿ ರೈತನೊಬ್ಬ ದನಕ್ಕೆ ನೀರಾಗಲಿ ಅಂತ ಹಳ್ಳಕ್ಕೆ ಅಡ್ಡ ಮಣ್ಣು ಹಾಕಿ ಕಟ್ಟಿರುತ್ತಾನೆ. ಆಗ ಕೆಳಗೆ ಹುಲ್ಲುಗಾವಲು, ಅಷ್ಟೇ. ಆಮೇಲೆ ಜಮೀನು ಬಿಲ್ಡರ್ ಕೈಗೆ ಹೋಗುತ್ತೆ, ಸೈಟ್ ಆಗುತ್ತೆ, ‘ಲೇಕ್ ವ್ಯೂ’ ಅಂತ ಬೋರ್ಡ್ ಬೀಳುತ್ತೆ. ಏರಿಗೆ ಒಂದು ಬುಟ್ಟಿ ಮಣ್ಣೂ ಹಾಕಿರೋದಿಲ್ಲ, ಕೋಡಿ ಒಂದಡಿಯೂ ಅಗಲ ಆಗಿರೋದಿಲ್ಲ, ಆದರೆ ಎ ಇದ್ದದ್ದು ಸಿ ಆಗುತ್ತೆ.

ಸ್ಥಿತಿ ತಿಳಿಯಬೇಕಾದರೆ ಬೇರೆ ಕಾಲಂ ನೋಡಬೇಕು. ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವರು, ಅಂದರೆ ಅಮೆರಿಕದ ಸೇನೆಯ ಎಂಜಿನಿಯರಿಂಗ್ ವಿಭಾಗದವರು, ನ್ಯಾಷನಲ್ ಇನ್ವೆಂಟರಿ ಆಫ್ ಡ್ಯಾಮ್ಸ್ ಅಂತ ದೇಶದ ಅಣೆಕಟ್ಟುಗಳ ಪಟ್ಟಿ ಇಟ್ಟಿದ್ದಾರೆ. 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ, ಅರ್ಧಕ್ಕಿಂತ ಜಾಸ್ತಿ ಖಾಸಗಿಯವರದು. ಅದರಲ್ಲಿ ಹಜಾರ್ಡ್ ಒಂದು ಕಡೆ, ಕಂಡಿಷನ್ ಇನ್ನೊಂದು ಕಡೆ: ಸ್ಯಾಟಿಸ್‌ಫ್ಯಾಕ್ಟರಿ, ಫೇರ್, ಪೂರ್, ಅನ್‌ಸ್ಯಾಟಿಸ್‌ಫ್ಯಾಕ್ಟರಿ. ‘ನಾಟ್ ರೇಟೆಡ್’ ಅಂತಲೂ ಇರಬಹುದು. ನಿಮಗೆ ಬೇಕಾದ್ದು ಈ ಎರಡನೆಯದು. ಸಿ ಜೊತೆ ಪೂರ್ ಇದ್ದರೆ ಮಾತ್ರ ನಾನು ಮುಂದಿನ ಮಾತೇ ಆಡುವುದಿಲ್ಲ, ಬೇರೆ ಮನೆ ಹುಡುಕಿ ಅಂತೀನಿ. ಅಲ್ಲಿ ಕಾಣದಿದ್ದರೆ ರಾಜ್ಯದ ಡ್ಯಾಮ್ ಸೇಫ್ಟಿಯವರಿಗೆ ಬರೆದು ಕೊನೆಯ ಪರಿಶೀಲನೆಯ ವರದಿ ಕೇಳಿ. ಅದು ಸಾರ್ವಜನಿಕ ದಾಖಲೆ.

ಇನ್ನೊಂದು ಒಳಸುಳಿ ಇದೆ. ಈ ರಾಜ್ಯದಲ್ಲಿ 25 ಅಡಿಗಿಂತ ಗಿಡ್ಡ ಇದ್ದರೆ, ಅಥವಾ 50 ಎಕರೆ-ಅಡಿಗಿಂತ (ಒಂದು ಎಕರೆ ಮೇಲೆ ಒಂದಡಿ ನಿಲ್ಲುವ ನೀರು ಒಂದು ಎಕರೆ-ಅಡಿ) ಕಡಿಮೆ ನೀರು ಹಿಡಿದರೆ, ಆ ಏರಿಗೆ ಡ್ಯಾಮ್ ಕಾನೂನಿನಿಂದ ವಿನಾಯಿತಿ, ಹೈ ಹಜಾರ್ಡ್ ಅಲ್ಲದಿದ್ದರೆ. ಅಂದರೆ ಎಷ್ಟೋ ಸಣ್ಣ ಕೆರೆಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮದಕ್ಕೆ ಸಿ ಬಿದ್ದಿರುವುದರಿಂದ ಯಾರಾದರೂ ಬಂದು ನೋಡುತ್ತಾರೆ, ಒಂದು ಲೆಕ್ಕಕ್ಕೆ ಒಳ್ಳೆಯದೇ. ‘ಸಣ್ಣದು’ ಅನ್ನೋ ಮಾತಿಗೂ ಮರುಳಾಗಬೇಡಿ. 50 ಎಕರೆ-ಅಡಿ ಅಂದರೆ ಸುಮಾರು 6 ಕೋಟಿ 17 ಲಕ್ಷ ಲೀಟರ್. ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಐದು ಸಾವಿರ ಟ್ಯಾಂಕರ್, ಎಲ್ಲಾ ಒಟ್ಟಿಗೆ ನಿಮ್ಮ ಹಿತ್ತಲಿಗೆ.

ಉದಾಹರಣೆ ಬೇಕಾ? ಜಾರ್ಜಿಯಾದ ಟಕೋವಾದಲ್ಲಿ ಕೆಲ್ಲಿ ಬಾರ್ನ್ಸ್ ಅಂತ ಒಂದು ಮಣ್ಣಿನ ಕಟ್ಟೆ ಇತ್ತು, ಕೆಳಗಿದ್ದ ಬೈಬಲ್ ಕಾಲೇಜಿನದೇ. ಹಿಂದೆ ಕರೆಂಟ್ ತಯಾರಿಸಲು ಬಳಸಿ, ಆಮೇಲೆ ಸುಮ್ನೆ ಕೆರೆಯಾಗಿ ಉಳಿದಿತ್ತು. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ, ಜೋರು ಮಳೆಯ ನಂತರ ಒಡೆಯಿತು. ಮಲಗಿದ್ದವರಲ್ಲಿ 39 ಜನ ಹೋದರು. ಅದಾದ ಮೇಲೆ ಮರುವರ್ಷ ಜಾರ್ಜಿಯಾ ಕಾನೂನು ಮಾಡಿತು. 2006ರ ಮಾರ್ಚ್‌ನಲ್ಲಿ ಹವಾಯಿಯ ಕವಾಯಿ ದ್ವೀಪದಲ್ಲಿ ಕಾ ಲೋಕೋ ಅನ್ನೋ ಖಾಸಗಿ ಏರಿ ಹೋಗಿ 7 ಜನ ಸತ್ತರು. ಕೋಡಿಯನ್ನೇ ಮಣ್ಣು ಹಾಕಿ ಮುಚ್ಚಿದ್ದಿರಬೇಕು ಅನ್ನೋದು ತನಿಖೆಯ ತೀರ್ಮಾನ. ನಮ್ಮೂರ ಕಡೆ ಚಿಕ್ಕ ಹುಡುಗರಿಗೂ ಗೊತ್ತು, ಕೋಡಿ ಇಲ್ಲದ ಕೆರೆ ಕೆರೆಯೇ ಅಲ್ಲ ಅಂತ! ಕೆರೆ ತುಂಬಿದರೆ ಕೋಡಿ ಬೀಳಬೇಕು. ಕೋಡಿ ಬೀಳದಿದ್ದರೆ ನೀರು ಏರಿ ಮೇಲೆ ಹತ್ತುತ್ತೆ, ಮಣ್ಣಿನ ಏರಿ ಮೇಲೆ ನೀರು ಹರಿಯಲು ಶುರುವಾದರೆ ಕೊರೆದು ಹಾಕಲು ಜಾಸ್ತಿ ಹೊತ್ತು ಬೇಡ. 2015ರ ಅಕ್ಟೋಬರ್ ಮಳೆಗೆ ಸೌತ್ ಕೆರೊಲೈನಾದಲ್ಲಿ ಐವತ್ತರ ಆಸುಪಾಸು ಏರಿಗಳು ಒಡೆದವು. ಕೆಲವು ಕಡೆ ಮೇಲಿನದು ಒಡೆದ ನೀರೇ ಕೆಳಗಿನದಕ್ಕೂ ಹೊಡೆಯಿತು. ನಿಮ್ಮ ಕೆರೆಯ ಮೇಲೆ ಇನ್ನೊಂದು ಕೆರೆ ಇದೆಯಾ ಅಂತ ಮ್ಯಾಪ್‌ನಲ್ಲಿ ನೋಡಿ.

ನಾನು ಎಂಜಿನಿಯರ್ ಅಲ್ಲ, ಸಾಫ್ಟ್‌ವೇರ್‌ನವನು. ಆದರೆ ನಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಕಮಿಟಿಯಲ್ಲಿ ಮೂರು ವರ್ಷ ಇದ್ದೆ, ಕೆರೆ ನಮ್ಮ ತಲೆಗೇ ಕಟ್ಟಿತ್ತು. ಒಂದು ಸಲ ಎಂಜಿನಿಯರ್ ಜೊತೆ ಏರಿ ಮೇಲೆ ನಡೆದೆ. ಮೇಲಿಂದ ನೋಡಿದರೆ ಪಾರ್ಕ್ ಇದ್ದಂತಿತ್ತು, ಬೆಂಚು, ಬಾತುಕೋಳಿ, ಎಲ್ಲಾ. ಆ ಮನುಷ್ಯ ಅದ್ಯಾವುದನ್ನೂ ನೋಡದೆ ಸೀದಾ ಏರಿಯ ಬುಡಕ್ಕೆ ಇಳಿದ. ಅಲ್ಲೊಂದು ಕಡೆ ಹುಲ್ಲು ಮಾತ್ರ ಎದ್ದು ಕಾಣುವಷ್ಟು ಹಸಿರು, ಕಾಲಿಟ್ಟರೆ ಪಚಪಚ. ಸಣ್ಣಗೆ ನೀರು ಜಿನುಗುತ್ತಿತ್ತು. ಗಾಜಿನ ಬಾಟಲಿಗೆ ಹಿಡಿದು ಕಾರಿನ ಬಾನೆಟ್ ಮೇಲಿಟ್ಟು ಕಾದ. ‘ತಿಳಿಯಾಗಿ ಬಂದರೆ ನಿದ್ದೆ ಮಾಡಬಹುದು, ಮಣ್ಣು ಕೂತರೆ ಏರಿ ಒಳಗಿಂದ ಖಾಲಿಯಾಗ್ತಿದೆ ಅಂತ ಅರ್ಥ’ ಅಂದ. ನಮ್ಮ ಬಾಟಲಿಯಲ್ಲಿ ಹತ್ತು ನಿಮಿಷಕ್ಕೆ ತಳದಲ್ಲಿ ಕೆಂಪು ಗೆರೆ.

ಕಾರಣ ತೂಬು. ಏರಿ ಒಳಗೆ ಹಾಯಿಸಿದ್ದ ಸುಕ್ಕುಸುಕ್ಕಿನ ತಗಡಿನ ಪೈಪ್ ತುಕ್ಕು ಹಿಡಿದಿತ್ತು. ಆತ ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. ಪೈಪಿನ ನೇರಕ್ಕೆ ಏರಿ ಮೇಲೆ ಬಿಂದಿಗೆಯಷ್ಟು ಗುಳಿ ಬಿದ್ದಿತ್ತು, ನಾವು ಅದನ್ನು ಯಾವುದೋ ನಾಯಿ ಕೆರೆದಿದ್ದು ಅಂದುಕೊಂಡು ಎರಡು ಸಲ ಮಣ್ಣು ತುಂಬಿಸಿದ್ದೆವು. ಇದರ ಜೊತೆ ಗ್ರೌಂಡ್‌ಹಾಗ್ ಬಿಲ ಬೇರೆ. ಹೆಗ್ಗಣದ ದೊಡ್ಡಪ್ಪ ಅದು, ಬಿಲ ಅಡಿಗಟ್ಟಲೆ ಒಳಗೆ ಹೋಗುತ್ತೆ. ಏರಿ ಮೇಲೆ ಬೆಳೆದಿದ್ದ ಪೈನ್ ಮರಗಳನ್ನೂ ತೆಗೆಸಿ ಅಂದಾಗ ಕಮಿಟಿಯಲ್ಲಿ ದೊಡ್ಡ ಜಗಳ. ನೆರಳು ಹೋಗುತ್ತೆ ಅಂತ ಒಬ್ಬರು ಅತ್ತೇಬಿಟ್ಟರು. ಮರ ಗಾಳಿಗೆ ಬಿದ್ದರೆ ಬೇರಿನ ಜೊತೆ ಏರಿಯೂ ಕಿತ್ತು ಬರುತ್ತೆ, ಬೇರು ಕೊಳೆತರೆ ಅದೇ ನೀರಿಗೆ ದಾರಿಯಾಗುತ್ತೆ. ನಮ್ಮ ಅಜ್ಜ ಬೇಸಿಗೆಯಲ್ಲಿ ಏರಿ ಮೇಲಿನ ಜಾಲಿ ಕಡಿಸುತ್ತಿದ್ದುದು ಯಾಕೆ ಅಂತ ನನಗೆ ಆಗ ಹೊಳೆದದ್ದು.

ರಿಪೇರಿಗೆ ಮನೆಗೆ ನಾಲ್ಕು ಸಾವಿರ ಡಾಲರ್ ಚಿಲ್ಲರೆ ಬಂತು. ನೆಲೆಸಿ ಎಂಟು ತಿಂಗಳಾಗಿದ್ದ ಒಂದು ಕುಟುಂಬಕ್ಕೆ ಕೆರೆ ತಮ್ಮದೂ ಹೌದು ಅನ್ನೋದು ಬಿಲ್ ಬಂದ ಮೇಲೆ ಗೊತ್ತಾಯಿತು. ಅಷ್ಟೆಲ್ಲಾ ಆದರೂ ಅಕ್ಷರ ಸಿ ಆಗಿಯೇ ಉಳಿಯಿತು, ಕೆಳಗಿನ ಮನೆಗಳು ಎಲ್ಲಿಗೂ ಹೋಗಿಲ್ಲವಲ್ಲ. ಕಂಡಿಷನ್ ಕಾಲಂ ಮಾತ್ರ ಬದಲಾಯಿತು.

ಹಾಗಾಗಿ ಏರಿ ಯಾರ ಹೆಸರಲ್ಲಿದೆ ಅಂತ ಮೊದಲು ಕೇಳಿ. ಒಬ್ಬ ಮಾಲೀಕನಾ, ಎಚ್‌ಒಎನಾ, ಅಥವಾ ಬಿಲ್ಡರ್ ಕಂಪನಿ ಮುಚ್ಚಿಹೋಗಿ ಯಾರೂ ಇಲ್ವಾ? ಮೂರನೆಯದು ಅತಿ ಕೆಟ್ಟದ್ದು. ಎಚ್‌ಒಎ ಆದರೆ ರಿಪೇರಿ ನಿಧಿಯಲ್ಲಿ ಎಷ್ಟಿದೆ ಅಂತ ಬರಹದಲ್ಲಿ ಕೇಳಿ, ಎಮರ್ಜೆನ್ಸಿ ಆಕ್ಷನ್ ಪ್ಲಾನ್ ಇದೆಯಾ, ರಾತ್ರಿ ಎರಡು ಗಂಟೆಗೆ ನಿಮ್ಮ ಬಾಗಿಲು ಬಡಿಯೋದು ಯಾರ ಕೆಲಸ ಅಂತಲೂ ಕೇಳಿ. ಮನೆ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ಪ್ರವಾಹ ಸೇರಿರೋದಿಲ್ಲ, ಫ್ಲಡ್ ಪಾಲಿಸಿ ಬೇರೆಯೇ ಮಾಡಿಸಬೇಕು.

ಮತ್ತೆ, ಒಳ್ಳೆ ಮಳೆ ಬಂದ ಮರುದಿನ ಹೋಗಿ ನೋಡಿ, ಕೊಳ್ಳುವವರಿಗೆ ಮನೆ ತೋರಿಸುವ ಓಪನ್ ಹೌಸ್ ದಿನ ಅಲ್ಲ. ಬೇಲಿ ಇದ್ದರೆ ಒಪ್ಪಿಗೆ ಕೇಳಿಕೊಂಡು ಹೋಗಿ. ಕೋಡಿಯಲ್ಲಿ ಕಸಕಡ್ಡಿ ತುಂಬಿದೆಯಾ, ಬುಡದಲ್ಲಿ ಪಚಪಚ ಇದೆಯಾ ನೋಡಿ ಫೋಟೋ ತೆಗೆದು ಇಲ್ಲೇ ಹಾಕಿ. ಜೊತೆಗೊಂದು ಗಾಜಿನ ಬಾಟಲಿ ಇರಲಿ.