ಮುಂದ ಪಿಂಚಣಿ ಸಿಗ್ತದೋ ಇಲ್ಲೋ ಗ್ಯಾರಂಟಿ ಇಲ್ಲ, ಈಗಿಂದ ಹೆಂಗ ಉಳಿಸ್ಬೇಕು?

ನಿಮಗ 32 ವಯಸ್ಸು, ಪ್ರೈವೇಟ್ ನೌಕರಿ, ಪಿಎಫ್ ಕಟ್ ಆಗ್ಲಕತ್ತದ, ಆದ್ರ ನಾವು ಮುದುಕರಾಗೋ ಹೊತ್ತಿಗಿ ಸರ್ಕಾರ ಪಿಂಚಣಿ ಕೊಡ್ತದಂತ ಏನ್ ನಂಬಿಕಿ ಅಂತ ಕೇಳೀರಿ. ನಾ ಕಲಬುರಗಿಯವ್ನೇ, ದಾಲ್ ಮಿಲ್ಲಿನಾಗ ಅಕೌಂಟ್ಸ್ ನೋಡ್ತೀನಿ, ಮಂದಿ ಪಿಎಫ್ ಕಾಗದ ಎಲ್ಲಾ ನನ್ನ ಟೇಬಲ್ಲಿಗೇ ಬರ್ತಾವ. ಬರ್ತದೋ ಇಲ್ಲೋ ಅನ್ನೋದು ಆಮ್ಯಾಗ, ಬಂದ್ರ ಎಷ್ಟು ಬರ್ತದ ಅದನ್ನ ಮೊದ್ಲು ಲೆಕ್ಕ ಹಾಕ್ರಿ.

ಇಪಿಎಸ್ (ಪಿಎಫ್ ಜೋಡಿನೇ ಇರೋ ಪಿಂಚಣಿ ಯೋಜನೆ) ಪಿಂಚಣಿಗಿ ಸದ್ಯ ಪಗಾರ 15,000 ಅಂತಷ್ಟೇ ಹಿಡಿತಾರ, ನಿಮಗ 40,000 ಬಂದ್ರೂ ಅಷ್ಟೇ. ಅದಕ್ಕ ಸರ್ವಿಸ್ ವರ್ಷ ಗುಣಿಸಿ 70ರಿಂದ ಭಾಗಿಸ್ಬೇಕು. 28 ವರ್ಷ ದುಡಿದ್ರ 2 ವರ್ಷ ಬೋನಸ್ ಕೂಡಿ 30, ಅಂದ್ರ ತಿಂಗ್ಳಿಗಿ 6,428 ರೂಪಾಯಿ. ಬೆಲಿ ಏರಿದಂಗ ಏರೋ ಡಿಎ ಗಿಎ ಏನಿಲ್ಲ.

ನಮ್ಮಪ್ಪ ಸಿಮೆಂಟ್ ಫ್ಯಾಕ್ಟರಿಯೊಳಗ ದುಡಿದವ್ರು. ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರ ಸಾಲಾಗಿ ಒಂದೇ ನಂಬರ್, ಎರಡ್ ಸಾವಿರದೊಳಗ. ರಿಟೈರ್ ಆದಾಗ ಅದ್ರಾಗ ಕಿರಾಣಿ ಸಾಮಾನ್ ಬರ್ತಿತ್ತು, ಈಗ ಶುಗರ್ ಬಿಪಿ ಗುಳಿಗಿಗೇ ಸಾಲವಲ್ದು. ರೊಕ್ಕ ಒಂದ್ ತಿಂಗ್ಳೂ ತಪ್ಪಿಲ್ಲ, ಅದು ಖರೆ, ಆದ್ರ ಬೆಲಿ ಏರಿ ಏರಿ ಅದನ್ನ ತಿಂದ್ ಹಾಕ್ಯಾವ. ನನಗ ಹೆದ್ರಿಕಿ ಇದರದ್ದೇ ಜಾಸ್ತಿ. ಪಿಂಚಣಿ ಅಂದ್ರ ರೊಟ್ಟಿ ಜೋಡಿ ಶೇಂಗಾ ಹಿಂಡಿ ಅಂತ ತಿಳ್ಕೊರಿ, ರೊಟ್ಟಿ ನೀವೇ ಬಡ್ಕೋಬೇಕು.

ಹಂಗಂತ ಸಿಗೋದನ್ನ ಬಿಡಬ್ಯಾಡ್ರಿ. ನಮ್ಮ ಹುಡುಗ್ರು ನೌಕರಿ ಬಿಟ್ಟ ಮ್ಯಾಗ ಫಾರ್ಮ್ 10ಸಿ ತುಂಬಿ ಪಿಂಚಣಿ ರೊಕ್ಕ ತಗೊಂಡು ಗಾಡಿಗೋ ಮದ್ವಿಗೋ ಹಾಕ್ತಾರ, ಆ ಸರ್ವಿಸ್ ಎಲ್ಲಾ ಹೋದಂಗೇ, ಮತ್ತ ಒಂದರಿಂದ ಸುರು, ಪಿಂಚಣಿ ಸಿಗ್ಬೇಕಂದ್ರ 10 ವರ್ಷ ಸರ್ವಿಸ್ ಬೇಕು. ನೋಡಿದ್ರ ಹೊಟ್ಟಿ ಉರೀತದ. ಹಳೇ ಪಿಎಫ್ ಖಾತೆ ಹೊಸಾ ಕಂಪನಿಗಿ ಟ್ರಾನ್ಸ್‌ಫರ್ ಮಾಡ್ಸ್ರಿ.

ಮನ್ಯಾಗಿನವ್ರು ಇನ್‌ಕಮ್ ಟ್ಯಾಕ್ಸ್ ಕಟ್ಟೋರಲ್ಲಂದ್ರ ಅವ್ರ ಹೆಸ್ರಿಲೆ ಸರ್ಕಾರದ ಅಟಲ್ ಪಿಂಚಣಿ ಮಾಡ್ಸ್ರಿ, 30 ವಯಸ್ಸಿನವ್ರಿಗಿ ತಿಂಗ್ಳಿಗಿ 577 ಕಟ್ಟೋದು, 60 ಆದ್ಮ್ಯಾಗ ತಿಂಗ್ಳಿಗಿ 5,000 ಬರ್ತದ. ಇದೂ ಏರಂಗಿಲ್ಲ ಮತ್ತ. ಬೆಲಿ ಏರಿಕಿ ಎದುರ್ಸಲಿಕ್ಕಿ ಇಂಡೆಕ್ಸ್ ಫಂಡಿನಾಗ (ಷೇರುಪೇಟಿ ಸೂಚ್ಯಂಕದಾಗಿನ ಕಂಪನಿಗೋಳಿಗಿ ರೊಕ್ಕ ಹಾಕೋ ಫಂಡ್) ತಿಂಗ್ಳಾ ತಿಂಗ್ಳಾ ಒಂದಿಷ್ಟು ಹಾಕೋ ಎಸ್‌ಐಪಿ ಸುರು ಮಾಡ್ರಿ, ನಡುವ ಬಿದ್ರ ಗಾಬರಿ ಆಗಿ ತೆಗಿಬ್ಯಾಡ್ರಿ. ಊರಾಗ ಹೊಲ ಇದ್ರ ತೊಗರಿ ಮಾರಿದ ರೊಕ್ಕದಾಗ ಒಂದಿಷ್ಟು ಪೋಸ್ಟಿನಾಗ ಸರ್ಕಾರಿ ಉಳಿತಾಯ ಯೋಜನೆ ಪಿಪಿಎಫ್‌ಗಿ ಹಾಕ್ರಿ, ವರ್ಷಕ್ಕ 1.5 ಲಕ್ಷ ತನಕ ನಡೀತದ, 15 ವರ್ಷದ್ದದು, ಕೈಗಿ ಲಗು ಸಿಗಂಗಿಲ್ಲ, ಅದೇ ಛಲೋ.

ಇವತ್ತೇ ಒಂದ್ ಕೆಲ್ಸಾ ಮಾಡ್ರಿ, ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ಪಿಎಫ್ ವೆಬ್‌ಸೈಟಿನಾಗ ಲಾಗಿನ್ ಮಾಡಿ ಹಳೇ ಕಂಪನಿ ಬಿಟ್ಟ ತಾರೀಖು ಬಿದ್ದದೋ ಇಲ್ಲೋ, ಹೆಸ್ರು ಆಧಾರ್‌ನಾಗ ಇದ್ದಂಗೇ ಅದನೋ, ನಾಮಿನಿ ಯಾರದ ಅದ, ನೋಡ್ರಿ. ನಮ್ಮಲ್ಲಿ ಭಾಳ ಮಂದೀದು ಅಲ್ಲೇ ಸಿಕ್ಕೊಂಡಿರ್ತದ.