ಅಪ್ಪನಿಗೆ ಪಾರ್ಕಿನ್ಸನ್, ವಿಟಮಿನ್ ಡಿ ಬರೀ 11. ಅದಕ್ಕೇ ಕೈ ನಡುಕ ಬಂತು ಅಂತಾರೆ ನೆಂಟರು, ವಿಡಿಆರ್ ಎಂಬ ಜೀನ್ ಟೆಸ್ಟ್ ಮಾಡಿಸಿ ಅಂತಾರೆ ಲ್ಯಾಬಿನವರು. ಮಾಡಿಸಬೇಕಾ?

ನನ್ನನ್ನು ಕೇಳಿದರೆ ಬೇಡ. ನಾನು ಡಾಕ್ಟರ್ ಅಲ್ಲ. ನಮ್ಮಪ್ಪನಿಗೆ ಈ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ನಿಮ್ಮ ಪ್ರಶ್ನೆಯನ್ನೇ ಹಿಡಿದು ನಾನೂ ಎಷ್ಟೋ ರಾತ್ರಿ ಓದಿದ್ದೇನೆ, ಅಷ್ಟೇ.

ಡಿ ಕಮ್ಮಿಯಾಗಿದ್ದಕ್ಕೇ ಕೈ ನಡುಕ ಬಂತು ಅಂತ ನಿಮ್ಮ ನೆಂಟರು ಹೇಳಿದರಲ್ಲ, ಅದು ಪೂರ್ತಿ ಗಾಳಿಮಾತೇನಲ್ಲ. ಫಿನ್ಲೆಂಡಿನಲ್ಲಿ 1978–80ರಲ್ಲಿ 3,173 ಜನರ ರಕ್ತ ತೆಗೆದಿಟ್ಟು, 29 ವರ್ಷ ಅವರ ಮೇಲೆ ಕಣ್ಣಿಟ್ಟರು. ಡಿ ಚೆನ್ನಾಗಿದ್ದ ಗುಂಪಿಗೆ ಪಾರ್ಕಿನ್ಸನ್ ಅಪಾಯ, ತೀರಾ ಕಮ್ಮಿ ಇದ್ದವರಿಗಿಂತ ಶೇ 67ರಷ್ಟು ಕಡಿಮೆ ಇತ್ತು. ಆದರೆ ಅಷ್ಟು ಜನರಲ್ಲಿ ಕಾಯಿಲೆ ಬಂದಿದ್ದು 50 ಜನರಿಗೆ ಮಾತ್ರ.

ಇನ್ನೊಂದು ತೊಡಕಿದೆ. ನಡುಕ ಕಾಣುವ ಎಷ್ಟೋ ವರ್ಷ ಮೊದಲೇ ಈ ಕಾಯಿಲೆ ಒಳಗೆ ಶುರುವಾಗಿರುತ್ತದೆ. ನಮ್ಮಪ್ಪ ಅದಕ್ಕೂ ಎರಡು ವರ್ಷ ಮುಂಚೆಯೇ ಬೆಳಗಿನ ವಾಕಿಂಗ್ ಬಿಟ್ಟಿದ್ದರು. ವಯಸ್ಸಾಯ್ತು, ಸೋಮಾರಿತನ ಅಂತ ನಾವು ಬೈದಿದ್ದೂ ಉಂಟು. ಬಿಸಿಲಿಗೇ ಹೋಗದವರಿಗೆ ಡಿ ಎಲ್ಲಿಂದ ಬರಬೇಕು? ಕಾಯಿಲೆಯಿಂದಲೇ ಡಿ ಇಳಿದಿರಬಹುದು, ಅಲ್ವಾ?

ಈ ಗಂಟು ಬಿಡಿಸಲು ಜೀನ್ ಸಹಾಯಕ್ಕೆ ಬರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಡಿ ಸ್ವಲ್ಪ ಕಮ್ಮಿ ಇಡುವ ಜೀನ್‌ಗಳಿರುತ್ತವೆ. ಅದು ಮನೆಯೊಳಗೆ ಕೂತು ಬಂದಿದ್ದಲ್ಲ. ಡಿ ಕೊರತೆಯೇ ಕಾರಣವಾಗಿದ್ದರೆ ಅಂಥವರಿಗೆ ಪಾರ್ಕಿನ್ಸನ್ ಜಾಸ್ತಿ ಬರಬೇಕಿತ್ತು. 2017ರಲ್ಲಿ ಹೀಗೆ ಲೆಕ್ಕ ಹಾಕಿ ನೋಡಿದಾಗ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ.

ಇನ್ನು ನಿಮಗೆ ಲ್ಯಾಬಿನವರು ಹೇಳಿದ ವಿಡಿಆರ್ ಟೆಸ್ಟ್. ದೇಹಕ್ಕೆ ಸೇರಿದ ಡಿ ಕೆಲಸ ಮಾಡಬೇಕಾದರೆ ಜೀವಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಬೇಕು. ಅದನ್ನು ಮಾಡಿಸುವ ಜೀನ್ ಇದು. ಇದರಲ್ಲಿ ಫೋಕ್-ಒನ್ ಎಂಬ ಜಾಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜೋಡಿ ಅಕ್ಷರ: ಸಿಸಿ, ಸಿಟಿ ಅಥವಾ ಟಿಟಿ. ಜಪಾನಿನಲ್ಲಿ 114 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ದಿನಕ್ಕೆ 1,200 ಯೂನಿಟ್ ಡಿ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ ಕೊಟ್ಟರು. ಟಿಟಿ, ಸಿಟಿ ಇದ್ದವರಲ್ಲಿ ಡಿ ತಗೊಂಡವರ ಕಾಯಿಲೆ ಅಷ್ಟಾಗಿ ಮುಂದುವರಿಯಲಿಲ್ಲ. ಸಿಸಿಯವರಿಗೆ ಪ್ರಯೋಜನ ಕಾಣಲಿಲ್ಲ. 2013ರಲ್ಲಿ ಇದನ್ನು ಓದಿದವರಿಗೆಲ್ಲ ಆಸೆ ಹುಟ್ಟಿದ್ದು ಸಹಜ. ಆದರೆ ಇದು ಸಣ್ಣ ಪ್ರಯೋಗ, ಒಂದೇ ವರ್ಷದ್ದು.

ಈಗ ಯೋಚಿಸಿ. ಅಪ್ಪನಿಗೆ ಸಿಸಿ ಬಂತು ಅನ್ನಿ. ಡಿ ಕೊಡೋದು ನಿಲ್ಲಿಸುತ್ತೀರಾ? 11 ಅಂದರೆ ಕಮ್ಮಿಯೇ, ಮೂಳೆಗೋಸ್ಕರವಾದರೂ ಸರಿಪಡಿಸಲೇಬೇಕು. ಪಾರ್ಕಿನ್ಸನ್ ಇದ್ದವರು ಬೀಳೋದು ಜಾಸ್ತಿ, ಮೂಳೆಯೂ ತೆಳುವಾಗಿರುತ್ತದೆ. ಟಿಟಿ ಬಂದರೂ ಕೊಡೋದು ಅದನ್ನೇ. ಆ ದುಡ್ಡಿನಲ್ಲಿ ಬಚ್ಚಲುಮನೆ ಗೋಡೆಗೆ ಹಿಡಿಕೆ ಹಾಕಿಸಿ, ಫಿಸಿಯೋಥೆರಪಿಗೆ ಕಳಿಸಿ.

ಒಂದು ಎಚ್ಚರಿಕೆ, ನಾನೇ ಮಾಡಿದ ತಪ್ಪು. 60,000 ಯೂನಿಟ್ ಪುಡಿಯ ಸ್ಯಾಷೆ ವಾರಕ್ಕೊಂದು ಅಂತ ಚೀಟಿಯಲ್ಲಿತ್ತು. ನಾನು ದಿನಕ್ಕೊಂದು ಅಂದುಕೊಂಡು ಹಾಲಿಗೆ ಹಾಕಿ ಕೊಟ್ಟೆ. ಮೂರು ವಾರಕ್ಕೆ ಅಪ್ಪನಿಗೆ ವಾಂತಿ, ಮಂಕು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ನಾವು ಮಾತ್ರ ಪಾರ್ಕಿನ್ಸನ್ನೇ ಜೋರಾಯಿತು ಅಂದುಕೊಂಡು ನರರೋಗದ ಡಾಕ್ಟರ ಹತ್ತಿರ ಓಡಿದ್ದೆವು.