ಹಳೆಯ ಜಿಮೇಲ್ ಖಾತೆಯನ್ನು ಶಾಶ್ವತವಾಗಿ ಮುಚ್ಚುವ ಕುರಿತು

ಹಿರಿಯರಿಗೆ ನಮಸ್ಕಾರ. ಮೊದಲ ಸ್ಮಾರ್ಟ್‌ಫೋನ್ ಕೊಂಡಾಗ ಅಂಗಡಿಯ ಹುಡುಗ ನಿಮ್ಮ ಹೆಸರಿನ ಮುಂದೆ ನಾಲ್ಕು ಅಂಕಿ ಸೇರಿಸಿ ಒಂದು ಜಿಮೇಲ್ ಖಾತೆ ತೆರೆದುಕೊಟ್ಟಿದ್ದನೆಂದೂ, ಆಮೇಲೆ ಮಗ ಇನ್ನೊಂದನ್ನು ಮಾಡಿಕೊಟ್ಟನೆಂದೂ, ಈಗ ಹಳೆಯದು ಜಾಹೀರಾತಿನ ಪತ್ರಗಳಿಂದ ತುಂಬಿ ‘ಸ್ಟೋರೇಜ್ ಫುಲ್’ ಎಂದು ದಿನವೂ ಕಾಡುತ್ತಿದೆಯೆಂದೂ ಬರೆದು, ಅದನ್ನು ಪೂರ್ತಿಯಾಗಿ ಮುಚ್ಚುವ ಬಗೆ ಕೇಳಿದ್ದೀರಿ. ನಿನ್ನೆ ನಮ್ಮ ಅಡಿಕೆ ಬೆಳೆಗಾರರ ಗುಂಪಿನ ಸದಸ್ಯರೊಬ್ಬರು ‘ಫೋನಿನ ಸೆಟ್ಟಿಂಗ್ಸ್‌ನಲ್ಲಿ ರಿಮೂವ್ ಅಕೌಂಟ್ ಒತ್ತಿದರೆ ಮುಗಿಯಿತು’ ಎಂದು ಸಲಹೆ ಕೊಟ್ಟರು. ಅದರಿಂದ ಖಾತೆ ಮುಚ್ಚುವುದಿಲ್ಲ. ಆ ಫೋನಿನಿಂದ ಖಾತೆ ಹೊರಗೆ ಬರುತ್ತದೆಯೇ ಹೊರತು, ಗೂಗಲ್‌ನಲ್ಲಿ ಅದು ಇದ್ದಂತೆಯೇ ಇರುತ್ತದೆ. ಪತ್ರಗಳೂ ಬರುತ್ತಲೇ ಇರುತ್ತವೆ. ಮನೆಯ ಬೀಗದ ಕೈಯನ್ನು ಬಾವಿಗೆ ಎಸೆದ ಮಾತ್ರಕ್ಕೆ ಮನೆ ಕೆಡವಿದಂತಾಗದು.

ಮುಚ್ಚುವ ಕೆಲಸ ಐದು ನಿಮಿಷದ್ದು. ಆದರೆ ಅದಕ್ಕೆ ಮೊದಲು ಆ ಖಾತೆಗೆ ಏನೇನು ಕಟ್ಟಿಕೊಂಡಿದೆ ಎಂದು ಹುಡುಕಿ ಬಿಡಿಸುವುದಕ್ಕೆ ಒಂದು ಭಾನುವಾರವೇ ಬೇಕು. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನಮ್ಮ ಅಂಗಳದ ಮಳೆಮಾಪಕದಲ್ಲಿ ದಿನವೂ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು, ಮಿಲಿಮೀಟರ್ ಲೆಕ್ಕವನ್ನು ಫೋನಿನಲ್ಲೇ ಒಂದು ಗೂಗಲ್ ಶೀಟಿನಲ್ಲಿ ಬರೆದಿಡುವ ಅಭ್ಯಾಸ ನನಗಿತ್ತು. ಒಂದು ಬೇಸಿಗೆಯಲ್ಲಿ, ಬೇಡವೆನಿಸಿದ ಹಳೆಯ ಖಾತೆಯನ್ನು ಹುರುಪಿನಿಂದ ಅಳಿಸಿಹಾಕಿದೆ. ಆಷಾಢದಲ್ಲಿ ಪಕ್ಕದ ತೋಟದವರು ‘ಹೋದ ವರ್ಷ ಇಷ್ಟೊತ್ತಿಗೆ ಎಷ್ಟು ಮಳೆಯಾಗಿತ್ತು?’ ಎಂದು ಕೇಳಿ, ನಾನು ಶೀಟು ತೆರೆಯಲು ಹೋದಾಗಲೇ ಅದು ಯಾವ ಖಾತೆಯಲ್ಲಿತ್ತು ಎಂಬುದು ಹೊಳೆದದ್ದು. ಮರಳಿ ಪಡೆಯುವ ಕಾಲ ಮೀರಿತ್ತು. ಈಗ ನನ್ನಲ್ಲಿ ಉಳಿದಿರುವುದು ಮೊದಲ ಎರಡು ವರ್ಷ ನೋಟುಪುಸ್ತಕದಲ್ಲಿ ಬರೆದ ಲೆಕ್ಕವಷ್ಟೇ. ತಪ್ಪು ಪೂರ್ತಿಯಾಗಿ ನನ್ನದೇ.

ಮೊದಲು ಆ ‘ಫುಲ್’ ವಿಷಯ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗ ಜಿಮೇಲ್ ಒಂದಕ್ಕೇ ಸೇರಿದ್ದಲ್ಲ. ಕಡತಗಳನ್ನಿಡುವ ಡ್ರೈವ್ ಮತ್ತು ಚಿತ್ರಗಳನ್ನಿಡುವ ಫೋಟೋಸ್‌ಗೂ ಸೇರಿದ್ದು. 2021ರ ಜೂನ್ 1ರ ನಂತರ ಫೋಟೋಸ್‌ಗೆ ಏರಿಸಿದ ಚಿತ್ರಗಳು ಈ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿ ವಾಟ್ಸ್ಆ್ಯಪ್ ಬ್ಯಾಕಪ್ (ಮಾತುಕತೆ, ಚಿತ್ರಗಳ ಕಾಪಿಟ್ಟ ನಕಲು) ಕೂಡ 2024ರಿಂದ ಇದೇ ಜಾಗವನ್ನು ತಿನ್ನತೊಡಗಿದೆ. ಆದ್ದರಿಂದ ಜಾಗ ತುಂಬಿರುವುದು ಜಾಹೀರಾತಿನ ಪತ್ರಗಳಿಂದ ಎಂದು ನಿಮಗೆ ಅನಿಸಿದರೂ, ನಿಜವಾದ ಕಾರಣ ನಾವೆಲ್ಲ ಗುಂಪುಗಳಲ್ಲಿ ಹಂಚಿಕೊಳ್ಳುವ ಅಡಿಕೆ ಕೊಳೆರೋಗದ ಚಿತ್ರಗಳೂ ಔಷಧಿ ಹೊಡೆಯುವ ವಿಡಿಯೋಗಳೂ ಆಗಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ನೀವು ಬೇಡವೆನ್ನುವ ಆ ಖಾತೆಯಲ್ಲೇ ನಿಮ್ಮ ಫೋಟೋಗಳೂ ವಾಟ್ಸ್ಆ್ಯಪ್ ಬ್ಯಾಕಪ್ಪೂ ಕುಳಿತಿವೆ ಎಂದರ್ಥ.

ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್ ತೆರೆದರೆ ಯಾವ ಗೂಗಲ್ ಖಾತೆಗೆ ಬ್ಯಾಕಪ್ ಹೋಗುತ್ತಿದೆ ಎಂಬುದು ಕಾಣುತ್ತದೆ. ಅಲ್ಲಿ ಹೊಸ ಖಾತೆಯನ್ನು ಆಯ್ದು ಒಮ್ಮೆ ಕೈಯಾರೆ ಬ್ಯಾಕಪ್ ಮಾಡಿ. ದೂರವಾಣಿ ಸಂಖ್ಯೆಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಕಾಂಟ್ಯಾಕ್ಟ್ಸ್‌ನಲ್ಲಿರುವ ಹೆಸರುಗಳು ಸಾಮಾನ್ಯವಾಗಿ ಫೋನಿನಲ್ಲಾಗಲಿ ಸಿಮ್ಮಿನಲ್ಲಾಗಲಿ ಇರುವುದಿಲ್ಲ, ಗೂಗಲ್ ಖಾತೆಯಲ್ಲಿರುತ್ತವೆ. ಖಾತೆ ಹೋದರೆ ಅಡಿಕೆ ಕೊಯ್ಯುವ ಕೊನೆಗೌಡನ ನಂಬರಿನಿಂದ ಹಿಡಿದು ಮಂಡಿಯವರ ನಂಬರಿನವರೆಗೆ ಎಲ್ಲವೂ ಅದರೊಂದಿಗೇ ಹೋಗುತ್ತವೆ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಎಂಬ ಸೌಲಭ್ಯವಿದೆ. ಅದರಿಂದ ಎಲ್ಲವನ್ನೂ ಒಂದು ಕಡತವಾಗಿ ಇಳಿಸಿಕೊಂಡು ಹೊಸ ಖಾತೆಗೆ ಇಂಪೋರ್ಟ್ ಮಾಡಬಹುದು. ಫೋಟೋ, ಪತ್ರ, ಕಡತಗಳನ್ನು ಒಟ್ಟಾಗಿ ಇಳಿಸಿಕೊಳ್ಳಲು ‘ಗೂಗಲ್ ಟೇಕ್‌ಔಟ್’ ಎಂಬ ಪುಟವಿದೆ. ಬೇಕಾದವುಗಳಿಗೆ ಗುರುತು ಹಾಕಿ ಕೋರಿಕೆ ಸಲ್ಲಿಸಿದರೆ, ಎಲ್ಲವೂ ಸಿದ್ಧವಾದ ಮೇಲೆ ಮೇಲ್‌ಗೆ ಕೊಂಡಿ ಬರುತ್ತದೆ. ಆ ಕೊಂಡಿಗೆ ಸುಮಾರು ಒಂದು ವಾರದ ಆಯುಷ್ಯ. ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಿಕೊಂಡು, ಕಡತಗಳನ್ನು ನಿಜವಾಗಿ ತೆರೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಇನ್ನು, ಈ ವಿಳಾಸವನ್ನು ಎಲ್ಲೆಲ್ಲಿ ಕೊಟ್ಟಿದ್ದೀರಿ ಎಂಬ ಪ್ರಶ್ನೆ. ನೆನಪನ್ನು ನೆಚ್ಚಿಕೊಳ್ಳಬೇಡಿ. ಜಿಮೇಲ್‌ನ ಹುಡುಕು ಪಟ್ಟಿಯಲ್ಲಿ ‘ವೆಲ್‌ಕಮ್’, ‘ವೆರಿಫೈ’, ‘ಸ್ಟೇಟ್‌ಮೆಂಟ್’, ‘ಪಾಲಿಸಿ’, ‘ಓಟಿಪಿ’ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಹಾಕಿ ನೋಡಿದರೆ, ಬ್ಯಾಂಕು, ವಿಮೆ, ಮ್ಯೂಚುವಲ್ ಫಂಡ್, ಐಆರ್‌ಸಿಟಿಸಿ, ಆದಾಯ ತೆರಿಗೆಯ ಇ-ಫೈಲಿಂಗ್ ಎಲ್ಲವೂ ಸಾಲಾಗಿ ಹೊರಬರುತ್ತವೆ. ಒಂದು ಕಾಗದದಲ್ಲಿ ಪಟ್ಟಿ ಮಾಡಿಕೊಂಡು ಪ್ರತಿಯೊಂದರಲ್ಲೂ ಹೊಸ ಇಮೇಲ್ ವಿಳಾಸವನ್ನು ನಮೂದಿಸಿ. ಹೀಗೆ ಬದಲಿಸುವಾಗ ಕೆಲವು ಕಡೆ ಹಳೆಯ ವಿಳಾಸಕ್ಕೂ ಓಟಿಪಿ ಹೋಗುವುದರಿಂದ, ಖಾತೆ ಜೀವಂತವಾಗಿರುವಾಗಲೇ ಈ ಕೆಲಸ ಮುಗಿಯಬೇಕು. ತೆರಿಗೆ ಇಲಾಖೆಯ ನೋಟಿಸು ನೋಂದಾಯಿತ ಇಮೇಲ್‌ಗೆ ಬರುತ್ತದೆ ಎಂಬುದನ್ನೂ ಗಮನಿಸಿ. ಅಡಿಕೆಯ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಠೇವಣಿಯ ಬಡ್ಡಿಗಾಗಿ ರಿಟರ್ನ್ ಸಲ್ಲಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ‘ಸೈನ್ ಇನ್ ವಿತ್ ಗೂಗಲ್’ ಒತ್ತಿ ಪ್ರವೇಶಿಸಿದ ಆ್ಯಪ್‌ಗಳ ಪಟ್ಟಿ ಗೂಗಲ್ ಖಾತೆಯ ಪುಟದಲ್ಲೇ ಸಿಗುತ್ತದೆ. ಗೂಗಲ್ ಪೇ ಆ ಖಾತೆಯಲ್ಲಿದ್ದರೆ ಅದನ್ನೂ ಮೊದಲೇ ಹೊಸ ಖಾತೆಗೆ ಬದಲಿಸಿಕೊಳ್ಳಿ. ಹಣ ಇರುವುದು ಬ್ಯಾಂಕಿನಲ್ಲಾದ್ದರಿಂದ ಅದಕ್ಕೇನೂ ಆಗುವುದಿಲ್ಲ.

ಇಷ್ಟಾದ ಮೇಲೆ ಮುಚ್ಚುವ ಕ್ರಮ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬುದನ್ನು ಒತ್ತಿ, ಹಳೆಯ ಖಾತೆಯೇ ಮೇಲೆ ಕಾಣುತ್ತಿದೆ ಎಂದು ಎರಡು ಬಾರಿ ಖಚಿತಪಡಿಸಿಕೊಂಡು, ಖಾತೆ ನಿರ್ವಹಣೆಯ ಪುಟದಲ್ಲಿ ‘ಡೇಟಾ ಆ್ಯಂಡ್ ಪ್ರೈವೆಸಿ’ ವಿಭಾಗಕ್ಕೆ ಹೋಗಿ ಕೆಳಗಿನವರೆಗೆ ಸರಿಸಿ. ಅಲ್ಲಿ ಎರಡು ದಾರಿಗಳಿವೆ. ‘ಡಿಲೀಟ್ ಎ ಗೂಗಲ್ ಸರ್ವಿಸ್’ ಎಂಬುದರಲ್ಲಿ ಜಿಮೇಲ್ ಮುಂದಿರುವ ಕಸದ ಬುಟ್ಟಿಯ ಚಿಹ್ನೆ ಒತ್ತಿದರೆ ಅಂಚೆಪೆಟ್ಟಿಗೆ ಮಾತ್ರ ಹೋಗುತ್ತದೆ. ಫೋಟೋ, ಡ್ರೈವ್, ಪ್ಲೇ ಸ್ಟೋರ್‌ನಲ್ಲಿ ಕೊಂಡ ಆ್ಯಪ್‌ಗಳು ಉಳಿಯುತ್ತವೆ. ಮುಂದೆ ಆ ಖಾತೆಗೆ ಪ್ರವೇಶಿಸಲು ಜಿಮೇಲ್ ಅಲ್ಲದ ಬೇರೊಂದು ಇಮೇಲ್ ವಿಳಾಸ ಕೊಡಬೇಕಾಗುತ್ತದೆ. ಅದಕ್ಕೆ ಬರುವ ಪತ್ರದಲ್ಲಿನ ಕೊಂಡಿಯನ್ನು ಒತ್ತಿ ದೃಢಪಡಿಸುವವರೆಗೆ ಜಿಮೇಲ್ ಅಳಿಯುವುದಿಲ್ಲ. ಮಗ ಮಾಡಿಕೊಟ್ಟದ್ದೂ ಜಿಮೇಲ್ ಆದ್ದರಿಂದ ನಿಮಗೆ ಈ ದಾರಿ ಸುಲಭವಲ್ಲ.

ಎರಡನೆಯದು ‘ಡಿಲೀಟ್ ಯುವರ್ ಗೂಗಲ್ ಅಕೌಂಟ್’. ಪಾಸ್‌ವರ್ಡ್ ಕೇಳಿ, ಏನೇನು ಅಳಿಯುತ್ತದೆ ಎಂಬ ಉದ್ದನೆಯ ಪಟ್ಟಿ ತೋರಿಸಿ, ಕೊನೆಯಲ್ಲಿ ಎರಡು ಚೌಕಗಳಿಗೆ ಗುರುತು ಹಾಕಿಸಿಕೊಳ್ಳುತ್ತದೆ. ಆ ಪಟ್ಟಿಯನ್ನು ದಯವಿಟ್ಟು ಓದಿ. ನಾನು ಓದಿದ್ದರೆ ನನ್ನ ಮಳೆಯ ಲೆಕ್ಕ ಉಳಿಯುತ್ತಿತ್ತು. ಮುಚ್ಚಿದ ಹೊಸದರಲ್ಲಿ ಮನಸ್ಸು ಬದಲಾದರೆ ಖಾತೆ ಮರಳಿ ಪಡೆಯಲು ಅವಕಾಶವಿದೆ, ಆದರೆ ಇಷ್ಟೇ ದಿನ ಎಂದು ಗೂಗಲ್ ಮಾತು ಕೊಡುವುದಿಲ್ಲ. ಒಳ್ಳೆಯ ಸಂಗತಿಯೆಂದರೆ, ಅಳಿಸಿದ ಜಿಮೇಲ್ ವಿಳಾಸವನ್ನು ಮುಂದೆ ಯಾರೂ ಪಡೆಯಲಾಗದು; ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಕಾಗದ ಬರೆಯುವ ಭಯವಿಲ್ಲ.

ಯಾಹೂ ಖಾತೆಯ ಬಗ್ಗೆ ವಿಚಾರಿಸಿದವರಿಗೆ ಒಂದು ಮಾತು: ಬಳಕೆಯಲ್ಲಿಲ್ಲದ ವಿಳಾಸಗಳನ್ನು ಬೇರೆಯವರಿಗೆ ಕೊಡುವುದಾಗಿ ಯಾಹೂ 2013ರಲ್ಲೇ ಪ್ರಕಟಿಸಿತ್ತು. ಆದ್ದರಿಂದ ಅಲ್ಲಿ ಬ್ಯಾಂಕು, ವಿಮೆಗಳಿಂದ ಹಳೆಯ ವಿಳಾಸ ತೆಗೆಸದೆ ಖಾತೆ ಮುಚ್ಚುವುದು ಅಪಾಯಕಾರಿ. ಹಾಟ್‌ಮೇಲ್, ಔಟ್‌ಲುಕ್‌ನವರು ಮುಚ್ಚುವಾಗ, ಮನಸ್ಸು ಬದಲಾದರೆ ಖಾತೆ ಮರಳಿ ಪಡೆಯಲು ಕಾಯುವ ಅವಧಿ 30 ದಿನವೋ 60 ದಿನವೋ ಎಂದು ನಿಮ್ಮನ್ನೇ ಕೇಳುತ್ತಾರೆ. 60 ಎಂದೇ ಆರಿಸಿ.

ಅಂಗಡಿಯ ಹುಡುಗ ಇಟ್ಟ ಪಾಸ್‌ವರ್ಡ್ ನಿಮಗೆ ಗೊತ್ತಿಲ್ಲದಿದ್ದರೆ, ‘ಫರ್ಗಾಟ್ ಪಾಸ್‌ವರ್ಡ್’ ಪ್ರಯತ್ನವನ್ನು ಆ ಖಾತೆ ಈಗಾಗಲೇ ಇರುವ ಫೋನಿನಿಂದ, ಮನೆಯಲ್ಲೇ ಕುಳಿತು ಮಾಡಿ. ಪರಿಚಿತ ಫೋನು ಮತ್ತು ಪರಿಚಿತ ಸ್ಥಳವಾದರೆ ಗೂಗಲ್ ನಿಮ್ಮನ್ನು ಗುರುತಿಸುವ ಸಾಧ್ಯತೆ ಹೆಚ್ಚು. ಅದೂ ಫಲಿಸದಿದ್ದರೆ ಎಲ್ಲ ಫೋನುಗಳಿಂದಲೂ ಆ ಖಾತೆಯನ್ನು ತೆಗೆದು ಸುಮ್ಮನಿದ್ದುಬಿಡಿ. ಎರಡು ವರ್ಷ ಯಾವ ಬಳಕೆಯೂ ಇಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಗೂಗಲ್‌ನಲ್ಲಿ ‘ಜಿಮೇಲ್ ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕಿದ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಖಾತೆ ಮುಚ್ಚಲು ಹಣ ಕೇಳುವವರು, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರು ವಂಚಕರೇ. ಹಣ ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ, ಹಳೆಯ ಫೋನನ್ನು ತೋಟದ ಕೆಲಸದವರಿಗೆ ಕೊಡುವ ಯೋಚನೆಯಿದೆ ಎಂದಿದ್ದೀರಿ. ಹಾಗಿದ್ದರೆ ಮೊದಲು ಸೆಟ್ಟಿಂಗ್ಸ್‌ನಿಂದ ಆ ಖಾತೆಯನ್ನು ರಿಮೂವ್ ಮಾಡಿ, ಆಮೇಲೆ ಫ್ಯಾಕ್ಟರಿ ರೀಸೆಟ್ (ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವುದು) ಮಾಡಿ, ಫೋನು ಹೊಸ ಖಾತೆಯಿಂದ ತೆರೆದುಕೊಳ್ಳುತ್ತದೆ ಎಂದು ನೋಡಿಕೊಂಡ ಮೇಲೆ ಕಂಪ್ಯೂಟರಿನಿಂದ ಖಾತೆ ಮುಚ್ಚಿ. ಖಾತೆ ತೆಗೆಯದೆ ಫೋನನ್ನು ಬಟನ್ ಒತ್ತಿ ರೀಸೆಟ್ ಮಾಡಿದರೆ ಅದು ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಆ ಹೊತ್ತಿಗೆ ಖಾತೆಯೇ ಇಲ್ಲದಿದ್ದರೆ ಫೋನನ್ನು ಹೊತ್ತುಕೊಂಡು ಬಿಲ್ಲಿನೊಂದಿಗೆ ಸರ್ವೀಸ್ ಸೆಂಟರಿಗೆ ಅಲೆಯಬೇಕಾದೀತು.